ಉಲ್ಕಾನ್ ಅಪಾ ಮನೆಯ ನಾಲ್ಕನೇ ಕುರಿ

"ಎಜೆ, ಈ ಮನೇಲಿ ಇನ್ನೊಂದು ಕುರಿ ಬಿತ್ತು ಅಂದ್ರೆ, ವಾಪಸ್ ಹೋಗುವಾಗ ನನ್ನನ್ನ ಜೀಪಿನ ಮೇಲೆ ಹಾಕಿ ಹಗ್ಗ ಬಿಗೀಬೇಕಾಗುತ್ತೆ. ಬಾಗಿಲಲ್ಲಿ ನಾನು ಹಿಡಿಸಲ್ಲ," ಎಂದ ಕ್ಯಾಮೆರಾದ ಮೆದೆರ್.

ಜೀಪು ಓಡಿಸುತ್ತಿದ್ದ ರೈಖಾನ್ ನಗಲಿಲ್ಲ. ಎಜೆ ಅಂದರೆ ಅಕ್ಕ; ಚಿತ್ರ ಮಾಡುವವರ ಪೈಕಿ ಅವಳಿಗಿಂತ ಚಿಕ್ಕವರೆಲ್ಲ ಅವಳನ್ನು ಹಾಗೇ ಕರೆಯುತ್ತಿದ್ದರು, ಮತ್ತು ಇತ್ತೀಚೆಗೆ ಎಲ್ಲರೂ ಅವಳಿಗಿಂತ ಚಿಕ್ಕವರೇ ಆಗಿಬಿಟ್ಟಿದ್ದರು.

"ನಿನಗೆ ತಮಾಷೆ. ಮೂರು ಸಲ ಹೋಗಿದೀವಿ, ಮೂರು ಕುರಿ ತಿಂದಿದೀವಿ. ಚಿತ್ರ ಎಷ್ಟು ತೆಗೆದಿದೀಯ ಹೇಳು."

"ಒಂಬತ್ತು ಗಂಟೆ ಆಗೋಷ್ಟಿದೆ."

"ಅದರಲ್ಲಿ ಏನೇನಿದೆ?"

ಮೆದೆರ್ ಬೆರಳು ಮಡಿಚತೊಡಗಿದ. "ಬೇಯ್ತಿರೋ ಮಾಂಸ ಇದೆ. ಬೆಂದ ಮಾಂಸ ಇದೆ. ಮೇಷ್ಟ್ರ ಭಾಷಣ ಇದೆ. ಆಮೇಲೆ... ಮೇಷ್ಟ್ರದೇ ಇನ್ನೊಂದು ಭಾಷಣ ಇದೆ."

"ಕೊಯ್ಯೋದು?"

"ಕುರಿ ಕೊಯ್ಯೋದಾ?"

"ಉಣ್ಣೆಹಾಸು ಕೊಯ್ಯೋದು ಕಣೋ!"

"ಅದೊಂದಿಲ್ಲ."

ಅದೊಂದು ಇಲ್ಲದಿದ್ದರೆ ಚಿತ್ರವೇ ಇಲ್ಲ. ಕೆಂಪು, ಕಪ್ಪು ಎರಡು ಉಣ್ಣೆಹಾಸುಗಳನ್ನು ಒಂದರ ಮೇಲೊಂದು ಹಾಕಿ ಹೊಲಿದು, ಅಳತೆಪಟ್ಟಿ ಇಲ್ಲದೆ, ಕಾಗದದ ಅಚ್ಚಿಲ್ಲದೆ, ಸೀಮೆಸುಣ್ಣದಿಂದ ಒಂದೇ ಉಸಿರಿಗೆ ಬಳ್ಳಿ ಬರೆದು, ಎರಡನ್ನೂ ಒಟ್ಟಿಗೆ ಚೂರಿಯಿಂದ ಕೊಯ್ಯುವವರು ಕೊಚ್ಕೋರ್ ಸೀಮೆಯಲ್ಲಿ ಇನ್ನೂ ಹಲವರಿದ್ದರು. ಆದರೆ ಕೊಯ್ದದ್ದನ್ನು ಒಂದು ಸಲವೂ ತಿದ್ದದೆ ಕೊಯ್ಯುವವಳು ಉಲ್ಕಾನ್ ಅಪಾ ಒಬ್ಬಳೇ. ಕೆಂಪಿನಿಂದ ಎದ್ದ ತುಂಡು ಕಪ್ಪಿನ ಖಾಲಿಯಲ್ಲಿ ಕೂರಬೇಕು, ಕಪ್ಪಿನದು ಕೆಂಪಿನಲ್ಲಿ. ಅಪಾ ಕೊಯ್ದರೆ ಅವು ಹಲ್ಲು ಒಸಡಿನಲ್ಲಿ ಕೂತ ಹಾಗೆ ಕೂರುತ್ತಿದ್ದವು.

ಅಪಾ ಅಂದರೆ ಹಿರಿಯಮ್ಮ; ಅವಳಿಗೆ ಎಪ್ಪತ್ತೊಂಬತ್ತು. ಹೋದ ಚಳಿಗಾಲದಲ್ಲೇ ಒಂದು ಕಣ್ಣು ಮಂಜಾಗಿತ್ತು, ಇನ್ನೊಂದು ಅದೇ ದಾರಿಯಲ್ಲಿತ್ತು. ಆಲೂಗಡ್ಡೆ ಕಿತ್ತ ಮೇಲೆ ಮೊಮ್ಮಗಳ ಮದುವೆ. ಅದಕ್ಕೆಂದು ಕೊಯ್ಯುವುದೇ ಕೊನೆಯದು, ಆಮೇಲೆ ಚೂರಿ ಕಿರಿಸೊಸೆಗೆ ಎಂದು ಅವಳು ಊರಿಗೆಲ್ಲ ಹೇಳಿದ್ದಳು. ನಾಳೆ ಬೆಳಿಗ್ಗೆ ಮನೆಮಂದಿ ಕುರಿ ಕುದುರೆಗಳ ಸಮೇತ ಬೇಸಿಗೆಯ ಹುಲ್ಲುಗಾವಲಿಗೆ ಹತ್ತುತ್ತಾರೆ. ಸೊಸೆಯರು ಅಲ್ಲಿ ಕೂತು ಅದನ್ನು ಹೊಲಿಯಬೇಕು. ಅಂದರೆ ಕೊಯ್ಯುವುದು ಇವತ್ತು. ಇವತ್ತು ಹಗಲು ತಪ್ಪಿದರೆ ಆಯಿತು, ಇವರ ಜೀಪು ತಿರುವಿನಲ್ಲಿ ಮರೆಯಾಗುವುದನ್ನೇ ಕಾದು ಅಪಾ ಯಾರೂ ಇಲ್ಲದಾಗ ಕೊಯ್ದು ಮುಗಿಸುತ್ತಾಳೆ. ಅದು ರೈಖಾನ್‌ಗೆ ಚೆನ್ನಾಗಿ ಗೊತ್ತಿತ್ತು.

ರೈಖಾನ್ ಇಂಥ ಕಡೆ ಸೋತವಳಲ್ಲ. ಮೂವತ್ತೊಂದು ವರ್ಷದ ಹಿಂದೆ ರಾಜಧಾನಿ ಬಿಷ್ಕೆಕ್‌ನ ಸರ್ಕಾರಿ ಸ್ಟುಡಿಯೋದಲ್ಲಿ ತಂತಿ ಸುತ್ತುವ ಕೆಲಸಕ್ಕೆ ಸೇರಿದವಳು. ಯಾವ ಶಾಲೆಯಲ್ಲೂ ಸಿನಿಮಾ ಕಲಿತವಳಲ್ಲ. ಸ್ವಲ್ಪ ದಿನಕ್ಕೆ ದೇಶವೇ ಬೇರೆಯಾಗಿ ಸ್ಟುಡಿಯೋದ ಮುಕ್ಕಾಲು ಬಾಗಿಲು ಮುಚ್ಚಿದಾಗ, ಉಳಿದವರೆಲ್ಲ ಬಜಾರಿನಲ್ಲಿ ಅಂಗಡಿ ಹಾಕಿದರು. ಇವಳು ಒಂದು ಹಳೆಯ ಕ್ಯಾಮೆರಾ ಇಟ್ಟುಕೊಂಡು ತಾನೇ ನಿರ್ದೇಶಕಿ, ತಾನೇ ನಿರ್ಮಾಪಕಿ ಎಂದುಕೊಂಡಳು. ನಿರ್ಮಾಪಕಿ ಅಂದರೆ ಏನು ಎಂದು ಅವಳ ತಾಯಿ ಕೇಳಿದಾಗ, "ಅರ್ಜಿ ಬರೆಯೋಳು, ಜೀಪು ಓಡಿಸೋಳು, ಎಲ್ಲರ ಊಟ ಆದ ಮೇಲೆ ಪಾತ್ರೆ ತೊಳೆಯೋಳು," ಎಂದಿದ್ದಳು. ತಾಯಿ, "ಹಂಗಾದ್ರೆ ನಾನೂ ನಿರ್ಮಾಪಕೀನೇ," ಎಂದು ಎದ್ದು ಹೋಗಿದ್ದಳು.

ಹನ್ನೊಂದು ಚಿತ್ರ ಮಾಡಿದ ಅವಳ ಕಸುಬಿನ ಗುಟ್ಟು ಒಂದೇ: ಹೋದ ಕಡೆ ಕೆಲಸಕ್ಕೆ ಕೈ ಹಾಕುವುದು. ಕಣಿವೆಯ ಮೇಲಿನ ಹವಾಮಾನ ಕೇಂದ್ರದಲ್ಲಿ ನಲವತ್ತು ದಿನ ಹಿಮ ಎತ್ತಿ ಹಾಕಿದಳು. ಓಶ್ ಪಟ್ಟಣದ ರೊಟ್ಟಿ ಒಲೆಯವರ ಜೊತೆ ಹಿಟ್ಟಿನ ಮೂಟೆ ಹೊತ್ತಳು. ಸ್ವಲ್ಪ ದಿನ ಕಳೆದರೆ ಜನ ಅವಳನ್ನು ಮರೆಯುತ್ತಿದ್ದರು, ಕ್ಯಾಮೆರಾವನ್ನೂ ಮರೆಯುತ್ತಿದ್ದರು, ಚಿತ್ರ ತಾನಾಗಿ ಬರುತ್ತಿತ್ತು.

ಉಲ್ಕಾನ್ ಅಪಾ ಮಾತ್ರ ಅವಳಿಗೆ ಒಂದು ಚಮಚ ಮುಟ್ಟಲೂ ಬಿಡಲಿಲ್ಲ. ಅತಿಥಿ ಎಂದರೆ ಅತಿಥಿ. ಅತಿಥಿ ಮನೆಯಲ್ಲಿರುವಾಗ ಉಣ್ಣೆ ಹರಡಿಕೊಂಡು ಕೂರುವ ಮನೆಗೆ ಊರಲ್ಲಿ ಯಾವ ಮರ್ಯಾದೆ?

ಗೇಟಿನ ಹತ್ತಿರ ಅಪಾ ಬಿಳಿ ಶಿರೋವಸ್ತ್ರ ಕಟ್ಟಿಕೊಂಡು ನಿಂತಿದ್ದಳು.

"ಬನ್ನಿ ಬನ್ನಿ! ದಾರೀಲಿ ಎಲ್ಲ ಸುಖವಾಗಿ ಬಂದ್ರಾ? ಜೀಪು ದಣಿದಿಲ್ಲ ತಾನೇ?"

"ಅಪಾ, ಇವತ್ತು ನಾವು ಕೆಲಸಕ್ಕೆ ಅಂತ ಬಂದಿದೀವಿ," ಎಂದಳು ರೈಖಾನ್, ಇಳಿಯುವ ಮೊದಲೇ. "ಕುರಿ ಬೇಡ. ದಯವಿಟ್ಟು ಬೇಡ. ನಾವೇ ಊಟ ಕಟ್ಟಿಕೊಂಡು ಬಂದಿದೀವಿ."

"ಊಟ ಕಟ್ಟಿಕೊಂಡು?" ಅಪಾಳ ಮುಖ ಸಾವಿನ ಸುದ್ದಿ ಕೇಳಿದ ಹಾಗಾಯಿತು. "ನನ್ನ ಮನೆಗಾ?"

"ಹಾಗಲ್ಲ... ನನಗೆ ಡಾಕ್ಟರು ಮಾಂಸ ತಿನ್ನಬಾರದು ಅಂದಿದಾರೆ."

"ಯಾವ ಡಾಕ್ಟರು? ಬಿಷ್ಕೆಕ್‌ನವನಾ? ಅಲ್ಲಿ ಸಿಗೋ ಮಾಂಸ ಬೇಡ ಅಂದಿರ್ತಾನೆ. ಬುದ್ಧಿವಂತ. ಇಲ್ಲೀದು ಬೇರೆ."

"ನನಗೆ ಯಾವ ಡಾಕ್ಟರೂ ಏನೂ ಹೇಳಿಲ್ಲ ಅಪಾ," ಎಂದು ಮೆದೆರ್ ಹಿಂದಿನಿಂದ ಹೇಳಿದ. ರೈಖಾನ್ ಅವನ ಕಾಲು ತುಳಿದಳು.

ಅಷ್ಟರಲ್ಲಿ ಅಪಾಳ ಮಗ ಕುರಿಯನ್ನು ಅಂಗಳಕ್ಕೆ ಎಳೆದುಕೊಂಡು ಬಂದ. ಅತಿಥಿಗಳು ಅದರ ಮುಂದೆ ಅಂಗೈ ಚಾಚಿ ಹರಸಬೇಕು. ಹರಸಿದ ಮೇಲೆ ಅದನ್ನು ದೊಡ್ಡಿಗೆ ವಾಪಸ್ ಕಳಿಸುವಂತಿಲ್ಲ. ರೈಖಾನ್ ಎರಡೂ ಕೈಗಳನ್ನು ಕೋಟಿನ ಜೇಬಿನಲ್ಲಿ ಭದ್ರವಾಗಿ ಇಟ್ಟುಕೊಂಡಳು. ಹರಸದಿದ್ದರೆ ಕುರಿ ಉಳಿಯುತ್ತದೆ, ಕುರಿ ಉಳಿದರೆ ಹಗಲು ಉಳಿಯುತ್ತದೆ ಎಂದು ಜೀಪಿನಲ್ಲೇ ಲೆಕ್ಕ ಹಾಕಿಕೊಂಡಿದ್ದಳು.

ಆದರೆ ಗೋಡೆಯ ಆಚೆಯೇ ಕಾಯುತ್ತಿದ್ದವರ ಹಾಗೆ ನಿವೃತ್ತ ಹೆಡ್‌ಮೇಷ್ಟ್ರು ತುರ್ದುಬಾಯ್ ಒಳಗೆ ಬಂದರು. ಎದೆಯ ಮೇಲೆ ನಾಲ್ಕು ಪದಕ, ಹಿಂದೆ ನಾಲ್ವರು ಮುದುಕರು.

"ಬಂದವರ ದಾರಿ ಬೆಳಗಲಿ, ಈ ಮನೆಯ ಕಡಾಯಿ ಯಾವತ್ತೂ ಬರಿದಾಗದಿರಲಿ, ಒಮೀನ್!" ಎಂದು ಹರಸಿ ಮೇಷ್ಟ್ರು ಎರಡೂ ಅಂಗೈಯಿಂದ ಮುಖ ಸವರಿಕೊಂಡರು. ಐದೂ ಜನ ಸವರಿಕೊಂಡರು. ಮೆದೆರ್ ಕೂಡ ಸವರಿಕೊಂಡ. ಕುರಿಯ ಕಥೆ ಮುಗಿಯಿತು.

ಒಳಗೆ ಬಾಗಿಲಿಗೆ ಎದುರಿನ ಮೇಲ್ಜಾಗದಲ್ಲಿ ಐದು ಹಾಸಿಗೆ ಒಂದರ ಮೇಲೊಂದು ಹಾಕಿ ರೈಖಾನ್‌ಳನ್ನು ಕೂರಿಸಿದರು. ಎಷ್ಟು ಎತ್ತರ ಎಂದರೆ ಅಲ್ಲಿಂದ ಇಳಿಯಲು ಯಾರಾದರೂ ಕೈ ಕೊಡಬೇಕಿತ್ತು. ನೆಲದ ಮೇಲೆ ಹರಡಿದ ಬಟ್ಟೆಯ ತುಂಬ ಕರಿದ ಹಿಟ್ಟಿನ ತುಂಡು ಬೋರ್ಸೋಕ್, ಕೆನೆ, ಏಪ್ರಿಕಾಟ್ ಜಾಮ್, ಮಿಠಾಯಿ. ಆ ಹಾಸಿಗೆಗಳ ಅಟ್ಟದಿಂದ ಅವಳಿಗೆ ಕೋಣೆಯ ಮೂಲೆ ಕಾಣುತ್ತಿತ್ತು. ಅಲ್ಲಿ ಮಡಿಚಿ ನಿಲ್ಲಿಸಿದ್ದ ಕೆಂಪು ಕಪ್ಪು ಉಣ್ಣೆಹಾಸು, ಅದರ ಮೇಲೊಂದು ಸೀಮೆಸುಣ್ಣದ ತುಂಡು, ಬಟ್ಟೆ ಸುತ್ತಿದ ಚೂರಿ.

"ಮಾಂಸ ಬೇಯೋಕೆ ಮೂರು ಗಂಟೆ ಬೇಕು," ಎಂದರು ಮೇಷ್ಟ್ರು. "ಅಲ್ಲೀವರೆಗೆ ನಾನು ಈ ಕಣಿವೇಲಿ ಉಣ್ಣೆ ಹ್ಯಾಗೆ ಬೆಳೀತು ಅನ್ನೋದನ್ನ ಮೊದಲಿಂದ ಹೇಳ್ತೀನಿ. ಹೋದ ಸಲ ಅರ್ಧಕ್ಕೆ ನಿಂತಿತ್ತು. ಮೆದೆರ್, ಕ್ಯಾಮೆರಾ ಹಾಕು."

ಮೆದೆರ್ ಕ್ಯಾಮೆರಾ ನಿಲ್ಲಿಸಿ, ಹಿಂದೆ ಕೈ ಕಟ್ಟಿ, ಅದನ್ನು ಚಾಲೂ ಮಾಡದೆಯೇ ತುಂಬ ಗಂಭೀರವಾಗಿ ನಿಂತ.

ಮೇಷ್ಟ್ರು ಕಂಚಿನ ಯುಗದಿಂದ ಶುರು ಮಾಡಿದರು. ಹನ್ನೊಂದು ಗಂಟೆಗೆ ಅವರು ಕುದುರೆ ಸಾಕುವ ಬುಡಕಟ್ಟುಗಳ ಹತ್ತಿರ ಬಂದಿದ್ದರು. ಅಪಾ ಎದುರಿಗೆ ಕೂತು ತಲೆಯಾಡಿಸುತ್ತಿದ್ದಳು. ಆದರೆ ಅವಳ ಬೆರಳು ಮಾತ್ರ ಮಂಡಿಯ ಮೇಲೆ ಸುಮ್ಮನೆ ಗೆರೆ ಎಳೆಯುತ್ತಿದ್ದವು: ಬಾಗುತ್ತ, ಸುರುಳಿ ಸುತ್ತುತ್ತ, ಮತ್ತೆ ತಿರುಗುತ್ತ. ರೈಖಾನ್ ಅದನ್ನೇ ನೋಡಿದಳು. ಅಪಾಗೂ ಕೊಯ್ಯಬೇಕು ಎನಿಸುತ್ತಿದೆ. ಕೊಯ್ಯಲು ಬಿಡದಿರುವುದು ತಾನೇ, ಈ ಐದು ಹಾಸಿಗೆಯ ಮೇಲೆ ಕೂತಿರುವ ತಾನೇ.

"ಕಾಲು ಜೋಮು ಹಿಡಿದಿದೆ," ಎಂದು ಅವಳು ಕೆಳಗೆ ಜಾರಿದಳು. ಎಲ್ಲರೂ ಬೇಡ ಬೇಡ ಅನ್ನುವಷ್ಟರಲ್ಲಿ ಬಾಗಿಲ ಪಕ್ಕಕ್ಕೆ ಬಂದು, ಚಹಾನೀರು ಕುದಿಯುತ್ತಿದ್ದ ಸಮೊವರ್ ಮುಂದೆ ಕೂತಿದ್ದ ಕಿರಿಸೊಸೆ ಅಸಿಲ್ಗುಲ್‌ಳ ಹತ್ತಿರ ಕುಳಿತಳು.

"ಎಜೆ, ಇಲ್ಲಿ ಕೂರಬೇಡಿ, ನನ್ನನ್ನ ಬಯ್ತಾರೆ," ಎಂದು ಅಸಿಲ್ಗುಲ್ ಪಿಸುಗುಟ್ಟಿದಳು.

"ನೀನು ಎಷ್ಟು ಹೊತ್ತಿಂದ ಕೂತಿದೀಯ ಇಲ್ಲಿ?"

"ಆರು ವರ್ಷದಿಂದ." ಅಸಿಲ್ಗುಲ್ ನಕ್ಕಳು. "ಚಹಾ ಹಾಕೋಳನ್ನ ಯಾರೂ ನೋಡಲ್ಲ ಎಜೆ. ನನ್ನ ಮುಂದೇನೇ ನನ್ನ ಬಗ್ಗೆ ಮಾತಾಡ್ತಾರೆ. ಎಷ್ಟು ವಿಷಯ ಗೊತ್ತು ಅಂತೀರಿ ನನಗೆ!"

ಒಳಕೋಣೆಯ ತೊಟ್ಟಿಲಲ್ಲಿ ಮಗು ಎದ್ದು ಕಿರುಚಿತು. ಅಸಿಲ್ಗುಲ್ ಬಾಗಿಲ ಕಡೆ ನೋಡಿದಳು, ಮೇಷ್ಟ್ರ ಖಾಲಿ ಬಟ್ಟಲ ಕಡೆ ನೋಡಿದಳು. ಮಿಕ್ಕ ಇಬ್ಬರು ಸೊಸೆಯರು ಹೊರಗೆ ಕಡಾಯಿಯ ಹತ್ತಿರ ಇದ್ದರು.

"ಹೋಗು ಹೋಗು. ಎರಡು ನಿಮಿಷ ನಾನು ಹಾಕ್ತೀನಿ. ಚಹಾ ಹಾಕೋದು ಏನು ಮಹಾ?" ಎಂದು ರೈಖಾನ್ ಚಹಾ ಪಾತ್ರೆ ಅವಳ ಕೈಯಿಂದ ತೆಗೆದುಕೊಂಡಳು.

ಅದು ಏನು ಮಹಾ ಎಂಬುದು ಆ ದೇಶದಲ್ಲಿ ಹುಟ್ಟಿದ ಅವಳಿಗೆ ಗೊತ್ತಿಲ್ಲ ಅಂತಲ್ಲ. ಬಟ್ಟಲಿನ ತಳ ಮುಚ್ಚುವಷ್ಟು, ಹೆಚ್ಚೆಂದರೆ ಅರ್ಧ. ಮುಗಿದ ಕೂಡಲೇ ಮತ್ತೆ ಅಷ್ಟೇ. ಕೊಂಚ ಕೊಂಚ ಹಾಕುವುದು ಎಂದರೆ ಇನ್ನೂ ಕೂತಿರಿ ಅಂತ. ತುಂಬಿಸಿ ಕೊಟ್ಟರೆ ಇದನ್ನು ಕುಡಿದು ಹೊರಡಿ ಅಂತ. ಮಾತಾಡಲು ಕಲಿಯದ ಮಗುವಿಗೂ ಅದು ಗೊತ್ತಿರುತ್ತದೆ.

ರೈಖಾನ್ ಮೇಷ್ಟ್ರ ಬಟ್ಟಲಿಗೆ ಹಾಲು ಬಿಟ್ಟಳು, ಚಹಾ ಬಿಡತೊಡಗಿದಳು. ಸರಿಯಾಗಿ ಆಗಲೇ ಮೋಡ ಸರಿಯಿತು. ದಕ್ಷಿಣದ ಕಿಟಕಿಯಿಂದ ಬಿಸಿಲು ನೇರವಾಗಿ ಮೂಲೆಗೆ ಬಿದ್ದು ಮಡಿಚಿಟ್ಟ ಉಣ್ಣೆಹಾಸನ್ನು ಹೊತ್ತಿಸಿತು. ಕೆಂಪು ಬೆಂಕಿಯಾಯಿತು, ಕಪ್ಪಿನೊಳಗಿನ ಒಂದೊಂದು ಎಳೆಯೂ ಎದ್ದು ಕಂಡಿತು. ಇಂಥ ಬೆಳಕು ಇಪ್ಪತ್ತು ದಿನ ಕಾದರೂ ಸಿಗುವುದಿಲ್ಲ. ಎಲ್ಲಿ ಕ್ಯಾಮೆರಾ ಇಟ್ಟರೆ ಚೆನ್ನ, ಅಪಾಳ ಕೈ ಎಲ್ಲಿ ಬರುತ್ತದೆ, ನೆರಳು ಯಾವ ಕಡೆ ಬೀಳುತ್ತದೆ ಎಂದು ರೈಖಾನ್‌ಳ ಕಣ್ಣು ಅಲ್ಲೇ ನೆಟ್ಟಿತು. ಮೂವತ್ತೊಂದು ವರ್ಷದ ಅಭ್ಯಾಸ. ಕೈ ತನ್ನ ಪಾಡಿಗೆ ಚಹಾ ಬಗ್ಗಿಸುತ್ತಲೇ ಇತ್ತು.

"ತಗೊಳ್ಳಿ ಮೇಷ್ಟ್ರೇ," ಎಂದು ಬಟ್ಟಲು ದಾಟಿಸಿದಳು.

ಬಟ್ಟಲು ಒಬ್ಬ ಮುದುಕನಿಂದ ಇನ್ನೊಬ್ಬ ಮುದುಕನಿಗೆ, ಅವನಿಂದ ಮೇಷ್ಟ್ರಿಗೆ ಹೋಯಿತು. ಪ್ರತಿಯೊಬ್ಬನೂ ಅದನ್ನು ಎರಡೂ ಕೈಯಲ್ಲಿ, ಉಸಿರು ಬಿಗಿಹಿಡಿದು ದಾಟಿಸಿದ. ಅಂಚಿನವರೆಗೂ ತುಂಬಿತ್ತು. ಅಂಚಿಗಿಂತ ಒಂದು ಕೂದಲು ಮೇಲೆಯೇ ಇತ್ತು ಅನ್ನಬಹುದು.

ಮೇಷ್ಟ್ರು ಸಾವಿರದ ಎಂಟುನೂರನೇ ಇಸವಿಯಲ್ಲಿ ಮಾತು ನಿಲ್ಲಿಸಿದರು. ಬಟ್ಟಲು ನೋಡಿದರು. ಅಪಾ ಬಟ್ಟಲು ನೋಡಿದಳು. ಮೆದೆರ್ ಬಟ್ಟಲು ನೋಡಿ ಕಣ್ಣು ಮುಚ್ಚಿದ.

ರೈಖಾನ್‌ಗೆ ಆಗ ಹೊಳೆಯಿತು. ಕಿವಿಯ ತುದಿವರೆಗೂ ಬಿಸಿಯಾಯಿತು.

ಮೇಷ್ಟ್ರು ಅವಸರ ಮಾಡಲಿಲ್ಲ. ಬಟ್ಟಲು ಎತ್ತಿ, ಒಂದು ಹನಿ ಚೆಲ್ಲದೆ, ಕೊನೆಯ ಗುಟುಕಿನವರೆಗೂ ಕುಡಿದರು. ಬಟ್ಟಲನ್ನು ಕವುಚಿಟ್ಟರು. ಅಂಗೈ ಚಾಚಿದರು. "ಈ ಮನೆಯ ಅನ್ನ ಬೆಳೆಯಲಿ, ಒಮೀನ್." ಎದ್ದರು. ಹಿರಿಯರು ಎದ್ದ ಮೇಲೆ ಮಿಕ್ಕವರು ಕೂರುವ ಹಾಗಿಲ್ಲ. ಬೋರ್ಸೋಕ್ ಬಾಯಲ್ಲಿದ್ದವನೂ ಅಗಿಯುತ್ತಲೇ ಎದ್ದ. ಒಂದು ನಿಮಿಷದಲ್ಲಿ ಐದೂ ಜನ ಅಂಗಳದಲ್ಲಿದ್ದರು.

ರೈಖಾನ್ ಬರಿಗಾಲಲ್ಲಿ ಓಡಿದಳು. ಮೇಷ್ಟ್ರು ಮೆಟ್ಟಿಲ ಮೇಲೆ ಕೂತು ರಬ್ಬರ್ ಪಾದರಕ್ಷೆ ಹಾಕಿಕೊಳ್ಳುತ್ತಿದ್ದರು.

"ಮೇಷ್ಟ್ರೇ, ತಪ್ಪಾಯ್ತು. ಬೇಕು ಅಂತ ಮಾಡಲಿಲ್ಲ. ನನ್ನ ಕಣ್ಣು ಬೆಳಕಿನ ಮೇಲಿತ್ತು, ಬಟ್ಟಲ ಮೇಲಿರಲಿಲ್ಲ."

"ಮಗಳೇ, ಮೂವತ್ತೆಂಟು ವರ್ಷ ಪಾಠ ಮಾಡಿದವನು ನಾನು. ಗಂಟೆ ಹೊಡೆದ ಮೇಲೆ ತರಗತೀಲಿ ಕೂರಲ್ಲ."

"ಗಂಟೆ ಹೊಡೆದದ್ದು ತಪ್ಪಿ, ಮೇಷ್ಟ್ರೇ!"

"ತಪ್ಪಿ ಹೊಡೆದ್ರೂ ಮಕ್ಕಳು ಮನೆಗೆ ಓಡೇ ಓಡ್ತವೆ." ಅವರು ಕೋಲು ಊರಿ ಎದ್ದರು. ಮುಖ ಬಿಗಿಯಾಗಿಯೇ ಇತ್ತು, ಮೀಸೆ ಮಾತ್ರ ಸ್ವಲ್ಪ ಅಲುಗಿತು. "ನನ್ನ ಮಾತು ಎಲ್ಲೀತನಕ ಬಂದಿತ್ತು ಅಂತ ಬರೆದಿಟ್ಕೋ. ಅಲ್ಲಿಂದ ಮುಂದೆ ಹೇಳ್ಬೇಕು."

ಅವರು ಗೇಟು ದಾಟಿದರು. ರೈಖಾನ್ ವಾಪಸ್ ಬಂದಳು. ಬಿಷ್ಕೆಕ್‌ಗೆ ಹೋಗುವ ದಾರಿ ಎಷ್ಟು ಉದ್ದ, ಅಷ್ಟುದ್ದಕ್ಕೂ ಮೆದೆರ್ ಏನೇನು ಹೇಳಬಹುದು ಎಂದು ಯೋಚಿಸುತ್ತಲೇ ಬಂದಳು. ಹನ್ನೆರಡನೇ ಚಿತ್ರ ಒಂದು ಬಟ್ಟಲು ಚಹಾದಲ್ಲಿ ಮುಳುಗಿಹೋಗಿತ್ತು.

ಅಪಾ ಸೊಂಟದ ಮೇಲೆ ಕೈಯಿಟ್ಟು ಕೋಣೆಯ ನಡುವೆ ನಿಂತಿದ್ದಳು.

"ಏನೇ ಇದು? ಏನು ಮಾಡಿದ್ದು ನೀನು? ಐವತ್ತನಾಲ್ಕು ವರ್ಷದ ಹೆಂಗಸು, ಟೀವೀಲಿ ಬರೋಳು, ಒಂದು ಬಟ್ಟಲು ಚಹಾ ಹಾಕೋಕೆ ಬರಲ್ವಾ ನಿನಗೆ? ನಿಮ್ಮತ್ತೆ ಏನು ಕಲಿಸಿದಳು?"

"ನಮ್ಮತ್ತೆ ನನ್ನ ಮದುವೆಗೆ ಮೊದಲೇ ತೀರಿಕೊಂಡಿದ್ರು ಅಪಾ."

"ಪುಣ್ಯವಂತೆ! ನಿನ್ನ ಚಹಾ ಕುಡಿಯೋ ಮೊದಲೇ ಹೋದಳು." ಅಪಾಳ ದನಿ ಇನ್ನೂ ಏರಿತು. "ಊರ ದೊಡ್ಡ ಮನುಷ್ಯನ್ನ, ಪದಕ ಹಾಕ್ಕೊಂಡು ಬಂದವನ್ನ, ಮಾಂಸ ಬೇಯೋ ಮೊದಲೇ ಎಬ್ಬಿಸಿ ಕಳಿಸಿದೆಯಲ್ಲೇ! ನಾಳೆ ನನ್ನ ಮುಖ ಎಲ್ಲಿಟ್ಕೊಳ್ಳಲಿ? ಏನು ನಿಂತು ನೋಡ್ತೀಯ, ಆ ಬಟ್ಟಲುಗಳನ್ನ ಎತ್ತು!"

ರೈಖಾನ್ ಬಗ್ಗಿ ಬಟ್ಟಲು ಎತ್ತತೊಡಗಿದಳು. ಮೊದಲ ಬಟ್ಟಲಿಗೆ ಅವಳಿಗೆ ಅಳು ಬಂದ ಹಾಗಿತ್ತು. ಮೂರನೇ ಬಟ್ಟಲಿಗೆ ಏನೋ ತಟ್ಟಿತು. ಹವಾಮಾನ ಕೇಂದ್ರದ ಹೆಂಗಸು ಹನ್ನೆರಡನೇ ದಿನ, ಸನಿಕೆಯನ್ನು ಹಿಮದಲ್ಲೇ ಬಿಟ್ಟು ಬಂದದ್ದಕ್ಕೆ ಹೀಗೇ ಕೂಗಾಡಿದ್ದಳು. ಓಶ್‌ನ ರೊಟ್ಟಿಯವನು ಹಿಟ್ಟು ಚೆಲ್ಲಿದ್ದಕ್ಕೆ ಅವಳ ಏಳು ತಲೆಮಾರನ್ನು ಎಳೆದಿದ್ದ. ಎರಡೂ ಕಡೆ ಮಾರನೆಯ ದಿನದಿಂದಲೇ ಚಿತ್ರ ಶುರುವಾಗಿತ್ತು. ಅತಿಥಿಯನ್ನು ಯಾರು ಬಯ್ಯುತ್ತಾರೆ? ಅವಳು ತಲೆ ತಗ್ಗಿಸಿಕೊಂಡೇ ನಕ್ಕಳು.

"ನಗ್ತಾಳೆ ನೋಡು!" ಎಂದಳು ಅಪಾ. ಹಾಗೆಂದವಳೇ ಒಳಗಿನಿಂದ ಎದ್ದು ಬಂದ ನಗುವನ್ನು ತಡೆಯಲಾರದೆ ಹಾಸಿಗೆಯ ರಾಶಿಯ ಮೇಲೆ ಕೂತುಬಿಟ್ಟಳು. ಅವಳ ಭುಜ ಕುಣಿಯಿತು, ಕಣ್ಣಲ್ಲಿ ನೀರು ಬಂತು. "ಅಯ್ಯೋ ದೇವರೇ... ಒಂಬತ್ತು ವರ್ಷದಿಂದ ಕಣೇ! ಒಂಬತ್ತು ವರ್ಷದಿಂದ, ಅವನು ಬಂದು ಕೂತ್ರೆ ಎಬ್ಬಿಸಿ ಕಳಿಸೋಕೆ ಏನು ಮಾಡೋದು ಅಂತ ಯೋಚನೆ ಮಾಡ್ತಿದೀನಿ. ಮರ್ಯಾದೆ ಬಿಟ್ಟು ಮಾಡೋಕಾಗುತ್ತಾ ನನಗೆ? ಕುಡಿದ ನೋಡು, ಹನಿ ಬಿಡದ ಹಾಗೆ!"

ಮಗುವನ್ನು ಎತ್ತಿಕೊಂಡು ಬಾಗಿಲಲ್ಲಿ ನಿಂತಿದ್ದ ಅಸಿಲ್ಗುಲ್, ಅತ್ತೆ ಇಷ್ಟು ನಗುವುದನ್ನು ಆರು ವರ್ಷದಲ್ಲಿ ನೋಡಿರಲಿಲ್ಲ. ಅವಳ ಬಾಯಿ ತೆರೆದೇ ಇತ್ತು.

"ಮಾಂಸ ಬೆಂದ ತಕ್ಷಣ ಕುರಿತಲೆ ಮೇಷ್ಟ್ರ ಮನೆಗೆ ಹೋಗಬೇಕು," ಎಂದಳು ಅಪಾ ಕಣ್ಣೊರೆಸಿಕೊಳ್ಳುತ್ತ. "ದೊಡ್ಡ ಸೊಸೇನೇ ತಗೊಂಡು ಹೋಗ್ಲಿ. ಮೇಲೆ ಒಳ್ಳೇ ಬಟ್ಟೆ ಮುಚ್ಚಿ."

"ತಲೇನಾ?" ಎಂದ ಮೆದೆರ್. ತಲೆ ಅಂದರೆ ಗೌರವದ ಪಾಲು; ಹಿಂದಿನ ಮೂರೂ ಸಲ ಅದು ಸಿಕ್ಕಿದ್ದು ಅವನಿಗೆ.

"ನೀನು ಇವತ್ತು ದುಡಿದು ತಿನ್ನು. ಆ ಹಾಸಿಗೆಗಳನ್ನೆಲ್ಲ ಆಚೆ ಸರಿಸು, ಜಾಗ ಬೇಕು." ಅಪಾ ಎದ್ದು ಮೂಲೆಗೆ ಹೋಗಿ ಉಣ್ಣೆಹಾಸಿನ ಒಂದು ತುದಿ ಹಿಡಿದಳು. "ಈ ಕಿಟಕೀಲಿ ಇನ್ನೂ ಮೂರು ಗಂಟೆ ಬಿಸಿಲಿದೆ. ಅಸಿಲ್, ಮಗೂನ ಕಟ್ಟಿಕೊಂಡು ಬಾ, ಸರಿಯಾಗಿ ನೋಡ್ಕೋ, ಇನ್ನೊಂದು ಸಲ ತೋರಿಸಲ್ಲ ನಾನು. ಮತ್ತೆ ನೀನು, ಚಹಾದವಳು! ಇಲ್ಲಿ ಬಾ. ಈ ಹೊಲಿಗೆ ನೂಲಿನ ತುದಿ ಬಿಗಿಯಾಗಿ ಹಿಡಿ. ಹುರಿ ಹಾಕೋದು ಗೊತ್ತಾ?"

"ಗೊತ್ತಿಲ್ಲ ಅಪಾ."

"ಅದೂ ಗೊತ್ತಿಲ್ಲ. ಸರಿ, ಹಿಡಿದುಕೊಂಡು ಕೂತಿರು. ಅಷ್ಟಾದ್ರೂ ಮಾಡು."

ಉಣ್ಣೆಹಾಸು ಬಿಸಿಲಿನಲ್ಲಿ ಬಿಚ್ಚಿಕೊಂಡಿತು. ರೈಖಾನ್ ಅದರ ಅಂಚಿನಲ್ಲಿ ಮಂಡಿಯೂರಿ ಕೂತು, ಎರಡೂ ಕೈಯಲ್ಲಿ ಹುರಿನೂಲು ಬಿಗಿಹಿಡಿದಳು. ಕೈ ಬೀಸಿ ಸನ್ನೆ ಮಾಡುವಂತಿಲ್ಲ, ಎದ್ದು ಹೋಗಿ ಚೌಕಟ್ಟು ನೋಡುವಂತಿಲ್ಲ. ಮೆದೆರ್ ಕಡೆ ತಿರುಗಿದಳು.

"ಮೆದೆರ್..."

"ಆಗ್ಲೇ ಓಡ್ತಿದೆ ಎಜೆ," ಎಂದ ಅವನು ಕ್ಯಾಮೆರಾದಿಂದ ಕಣ್ಣು ತೆಗೆಯದೆ. "ನಿಮ್ಮನ್ನ ಬಯ್ಯೋಕೆ ಶುರು ಮಾಡಿದಾಗಿನಿಂದ ಓಡ್ತಿದೆ."

ಅಪಾ ಸೀಮೆಸುಣ್ಣದಿಂದ ಬಳ್ಳಿ ಎಳೆದಳು, ಎಲ್ಲೂ ನಿಲ್ಲಿಸದೆ. ಆಮೇಲೆ ಚೂರಿ ಎತ್ತಿ, ಎಡಗೈಯ ಬೆರಳಿನಿಂದ ಗೆರೆಯನ್ನು ಮುಟ್ಟಿ ನೋಡುತ್ತ ಕೊಯ್ಯತೊಡಗಿದಳು. ಉಣ್ಣೆ ಕರಕರ ಎಂದು ಬಾಯಿ ಬಿಟ್ಟಿತು. ಕೋಣೆಯಲ್ಲಿ ಬೇರೆ ಯಾರಾದರೂ ಇದ್ದಾರೆ ಎಂಬುದೇ ಅವಳಿಗೆ ಮರೆತುಹೋದ ಹಾಗಿತ್ತು. ಚೂರಿ ಒಂದು ಸುರುಳಿ ಮುಗಿಸಿ ಎರಡನೆಯದಕ್ಕೆ ತಿರುಗಿ ಅಂಚಿನ ಹತ್ತಿರ ಬಂದಾಗ ರೈಖಾನ್‌ಳ ಮಂಡಿ ಗೆರೆಯ ಮೇಲಿತ್ತು. ಅಪಾ ತಲೆ ಎತ್ತಲಿಲ್ಲ. ಮೊಣಕೈಯಿಂದ ಆ ಮಂಡಿಯನ್ನು ಒಂದು ಸಲ ಜೋರಾಗಿ ತಳ್ಳಿದಳು. ರೈಖಾನ್ ನೂಲು ಸಡಿಲ ಬಿಡದೆ ಒಂದು ಗೇಣು ಪಕ್ಕಕ್ಕೆ ಸರಿದು ಕೂತಳು.